ಕೊರಳ ಧಮನಿಗೆ ಹೋಗುವ ದಾರಿ



ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಇಂದು ಪ್ರತಿಯೊಂದು ಬೀದಿಯಲ್ಲಿಯೂ ಸಿಗುತ್ತಾರೆ. ಗಾಂಧಿ ಬಜಾರಿನಲ್ಲಿಯಾಗಲಿ ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿಯಾಗಲಿ ಹಿರಿಯರಿಬ್ಬರು ಭೇಟಿಯಾದರೆ, ತಮಗೆ ಎಷ್ಟು ಸ್ಟೆಂಟುಗಳು ಬಿದ್ದಿವೆಯೆಂದು ಹೇಳಿಕೊಳ್ಳುವುದು ಮಳೆ ಬೆಳೆಯ ಮಾತಿನಷ್ಟೇ ಸಹಜವಾಗಿಬಿಟ್ಟಿದೆ. ಆದರೆ ಸ್ಟೆಂಟನ್ನು ಕೊರಳಿಗೂ ಹಾಕುವರೆಂಬ ಸಂಗತಿ ಅಷ್ಟಾಗಿ ತಿಳಿದಿಲ್ಲ. ಮನೆಯ ಹಿರಿಯರ ಕೊರಳಿನ ರಕ್ತನಾಳ ಕಿರಿದಾಗಿದೆಯೆಂದು ವೈದ್ಯರು ಹೇಳಿದೊಡನೆ ಮನೆಮಂದಿಯೆಲ್ಲ ಗಾಬರಿಯಾಗುತ್ತಾರೆ. ಆಗ ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡು: ನೂರಕ್ಕೆ ಎಷ್ಟು ಮುಚ್ಚಿದೆ? ಎಷ್ಟು ಖರ್ಚಾಗುತ್ತದೆ? ಇವೆರಡರಷ್ಟೇ ಮುಖ್ಯವಾದ ಮೂರನೆಯ ಪ್ರಶ್ನೆಯೊಂದಿದೆ. ಆ ಕಿರಿದಾದ ಜಾಗವನ್ನು ತಲುಪುವ ದಾರಿ ಹೇಗಿದೆ? ಇದನ್ನು ಕೇಳುವವರು ವಿರಳ. ಈ ಸಲ ನಾವು ಆ ಮೂರನೆಯ ಪ್ರಶ್ನೆಯನ್ನೇ ವಿಚಾರಕ್ಕೆ ಎತ್ತಿಕೊಂಡಿದ್ದೇವೆ.

ಕೊರಳಿನಲ್ಲಿ ಇರುವುದೇನು?

ಗಂಟಲ ಗಡ್ಡೆಯ ಪಕ್ಕದಲ್ಲಿ ಬೆರಳನ್ನು ಮೆಲ್ಲನೆ ಇಟ್ಟರೆ ನಾಡಿಯ ಮಿಡಿತ ತಿಳಿಯುತ್ತದೆ. ಅದೇ ಕೊರಳ ಧಮನಿ. ವೈದ್ಯರು ಅದನ್ನು ಕೆರೋಟಿಡ್ ಎನ್ನುವರು. ಗ್ರೀಕರ ಭಾಷೆಯಲ್ಲಿ ಮಂಪರು ಎಂಬ ಅರ್ಥವುಳ್ಳ ಶಬ್ದದಿಂದ ಈ ಹೆಸರು ಬಂದಿದೆ. ಈ ಧಮನಿಯನ್ನು ಒತ್ತಿದರೆ ಮನುಷ್ಯ ಎಚ್ಚರ ತಪ್ಪುವನೆಂದು ಪ್ರಾಚೀನರೂ ಬಲ್ಲರು. ಆದುದರಿಂದ ಎರಡೂ ಪಕ್ಕವನ್ನು ಒಮ್ಮೆಗೇ ಯಾರೂ ಒತ್ತಿ ನೋಡಬಾರದು. ನಮ್ಮ ಮಿದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ 2ರಷ್ಟು ಮಾತ್ರ. ಆದರೆ ಹೃದಯ ಹೊರದೂಡುವ ರಕ್ತದಲ್ಲಿ ನೂರಕ್ಕೆ ಸುಮಾರು 15 ಪಾಲು ಅದಕ್ಕೇ ಬೇಕು. ಈ ಪಾಲಿನ ಬಹುಭಾಗ ಎಡಬಲದ ಕೊರಳ ಧಮನಿಗಳ ಮೂಲಕವೇ ಏರುತ್ತದೆ.

ದವಡೆಯ ಮೂಲೆಗೆ ಕೊಂಚ ಕೆಳಗೆ ಈ ಧಮನಿ ಎರಡಾಗಿ ಕವಲೊಡೆಯುತ್ತದೆ. ಒಳಗವಲು ಮಿದುಳಿಗೆ ಹೋಗುತ್ತದೆ. ಹೊರಗವಲು ಮುಖ, ನಾಲಗೆ, ನೆತ್ತಿಯ ಚರ್ಮಗಳಿಗೆ ಹೋಗುತ್ತದೆ. ಹೊಳೆ ಕವಲಾಗುವಲ್ಲಿ ಹೂಳು ತುಂಬುವಂತೆ, ವಯಸ್ಸು, ರಕ್ತದ ಒತ್ತಡ, ಸಕ್ಕರೆ ಕಾಯಿಲೆ, ಹೊಗೆಸೊಪ್ಪುಗಳ ದೆಸೆಯಿಂದ ಈ ಕವಲಿನಲ್ಲಿಯೇ ಜಿಡ್ಡು ಕಟ್ಟುತ್ತದೆ. ನಾಳ ಪೂರ್ತಿ ಮುಚ್ಚಿಹೋಗುವುದಕ್ಕಿಂತ ಹೆಚ್ಚಾಗಿ, ಜಿಡ್ಡಿನ ಮೇಲೆ ಹೆಪ್ಪುಗಟ್ಟಿದ ರಕ್ತದ ಚೂರೊಂದು ಕಳಚಿ ಮಿದುಳಿಗೆ ಹರಿದು ಅಲ್ಲಿನ ಸಣ್ಣ ನಾಳವನ್ನು ಮುಚ್ಚಿಬಿಡುವುದೇ ಅಪಾಯ. ಪಾರ್ಶ್ವವಾಯು, ಜನರ ಮಾತಿನಲ್ಲಿ ಲಕ್ವ, ಹೀಗೆ ಬರುವುದುಂಟು. ಎಲ್ಲ ಲಕ್ವವೂ ಕೊರಳಿನಿಂದಲೇ ಬರುವುದೆಂದಲ್ಲ. ಹೃದಯದಿಂದ, ತಲೆಬುರುಡೆಯೊಳಗಿನ ನಾಳಗಳಿಂದ, ರಕ್ತಸ್ರಾವದಿಂದಲೂ ಬರುತ್ತದೆ. ಆದರೆ ಕೊರಳಿನಿಂದ ಬರುವುದನ್ನು ಮೊದಲೇ ತಡೆಯಲು ಅವಕಾಶವಿದೆ ಎಂಬುದು ನಮಗೆ ಮುಖ್ಯ.

ಆ ಅವಕಾಶ ಕೆಲವೊಮ್ಮೆ ಮುನ್ಸೂಚನೆಯ ರೂಪದಲ್ಲಿ ಬರುತ್ತದೆ. ಒಂದು ಕಣ್ಣಿಗೆ ಪರದೆ ಎಳೆದಂತಾಗಿ ಕೆಲವು ನಿಮಿಷಗಳಲ್ಲಿ ಸರಿಹೋಗುತ್ತದೆ. ಕೈಯಲ್ಲಿದ್ದ ಕಾಫಿಯ ಲೋಟ ಕಾರಣವಿಲ್ಲದೆ ಜಾರುತ್ತದೆ. ಮಾತು ತೊದಲುತ್ತದೆ, ಬಾಯಿ ಸೊಟ್ಟಗಾಗುತ್ತದೆ, ಮತ್ತೆ ನೆಟ್ಟಗಾಗುತ್ತದೆ. 'ಪಿತ್ತ ಏರಿತ್ತು, ಈಗ ಸರಿಹೋಯಿತು' ಎಂದು ಹಿರಿಯರು ಸುಮ್ಮನಾಗುತ್ತಾರೆ. ಕಣ್ಣಿನ ತೊಂದರೆಯೆಂದು ಭಾವಿಸಿ ಮಿಂಟೋ ಆಸ್ಪತ್ರೆಗೆ ಹೋದವರಿಗೆ, ತೊಂದರೆ ಕಣ್ಣಿನದಲ್ಲ, ಕೊರಳಿನದು ಎಂದು ಅಲ್ಲಿ ತಿಳಿದುಬರಬಹುದು. ಸರಿಹೋಯಿತೆಂದು ಸುಮ್ಮನಿರುವುದೇ ಇಲ್ಲಿ ದೊಡ್ಡ ಅಪಾಯ. ಇಂಥ ಸೂಚನೆಯ ನಂತರದ ಮೊದಲ ಕೆಲವು ದಿನಗಳಲ್ಲಿಯೇ ನಿಜವಾದ ಲಕ್ವ ಹೊಡೆಯುವ ಸಂಭವ ಎಲ್ಲಕ್ಕಿಂತ ಹೆಚ್ಚು. ಅಂದೇ ಆಸ್ಪತ್ರೆಗೆ ಹೋಗಬೇಕು.

ಸ್ಟೆಂಟು ಏತಕ್ಕೆ, ಶಸ್ತ್ರಕ್ರಿಯೆ ಏತಕ್ಕೆ?

ಮುನ್ಸೂಚನೆ ತೋರಿದವರಲ್ಲಿ ಕೊರಳ ಧಮನಿ ನೂರಕ್ಕೆ 70ಕ್ಕೂ ಮಿಕ್ಕಿ ಕಿರಿದಾಗಿದ್ದರೆ ಔಷಧವೊಂದರಿಂದಲೇ ಸಾಲದೆಂಬುದನ್ನು 1991ರಲ್ಲಿ ಉತ್ತರ ಅಮೆರಿಕದ ಒಂದು ದೊಡ್ಡ ಅಧ್ಯಯನ ಸ್ಥಿರಪಡಿಸಿತು. ಅದರಲ್ಲಿ ಕೇವಲ ಔಷಧ ಪಡೆದವರಲ್ಲಿ ಎರಡು ವರ್ಷಗಳೊಳಗೆ ನೂರಕ್ಕೆ 26 ಮಂದಿಗೆ ಆ ಪಕ್ಕದ ಲಕ್ವ ಬಂದಿತು. ಧಮನಿಯನ್ನು ಸೀಳಿ ಜಿಡ್ಡನ್ನು ಬಿಡಿಸಿ ತೆಗೆಯುವ ಶಸ್ತ್ರಕ್ರಿಯೆ ಮಾಡಿಸಿಕೊಂಡವರಲ್ಲಿ ಅದು ನೂರಕ್ಕೆ 9ಕ್ಕೆ ಇಳಿಯಿತು. ಇಂದಿನ ಔಷಧಗಳು ಅಂದಿನವುಗಳಿಗಿಂತ ಎಷ್ಟೋ ಮೇಲು. ಆದರೂ ಮುನ್ಸೂಚನೆ ತೋರಿದ ಮೇಲೆ ಎರಡು ವಾರಗಳ ಒಳಗಾಗಿ ದಾರಿ ತೆರವು ಮಾಡಬೇಕೆಂಬುದು ಈಗಲೂ ವೈದ್ಯರ ಅಭಿಪ್ರಾಯ.

ಶಸ್ತ್ರಕ್ರಿಯೆ ಎಲ್ಲರಿಗೂ ಹಿಡಿಸದು. ಹೃದಯ, ಶ್ವಾಸಕೋಶಗಳು ದುರ್ಬಲವಾಗಿರುವವರು, ಜಿಡ್ಡು ದವಡೆಯ ಹಿಂದೆ ತೀರ ಮೇಲಿರುವವರು, ಅದೇ ಜಾಗದಲ್ಲಿ ಹಿಂದೊಮ್ಮೆ ಶಸ್ತ್ರಕ್ರಿಯೆ ಆಗಿರುವವರು ಇದ್ದಾರೆ. ಬಾಯಿ ಗಂಟಲಿನ ಅರ್ಬುದಕ್ಕಾಗಿ ಕಿದ್ವಾಯಿಯಂಥ ಸಂಸ್ಥೆಗಳಲ್ಲಿ ಕೊರಳಿಗೆ ವಿಕಿರಣ ಚಿಕಿತ್ಸೆ ಪಡೆದು ಗುಣವಾದವರಿಗೆ, ವರ್ಷಗಳ ತರುವಾಯ ಅಲ್ಲಿಯ ಧಮನಿ ಕಿರಿದಾಗುವುದುಂಟು. ಅಂಥ ಕೊರಳನ್ನು ಮತ್ತೆ ಕೊಯ್ಯುವುದು ಕಷ್ಟ. ಇವರಿಗೆಲ್ಲ ಸ್ಟೆಂಟು ಒಂದು ವರವೇ ಸರಿ. ತೊಡೆಯ ಸಂಧಿಯಲ್ಲಿ ಸೂಜಿ ಚುಚ್ಚಿ, ನಳಿಕೆಯನ್ನು ಒಳಗಿನಿಂದಲೇ ಕೊರಳಿಗೆ ಏರಿಸಿ, ಕಿರಿದಾದ ಜಾಗವನ್ನು ಬಲೂನಿನಿಂದ ಹಿಗ್ಗಿಸಿ, ಲೋಹದ ಸಣ್ಣ ಜಾಲರಿಯ ಕೊಳವೆಯೊಂದನ್ನು ಅಲ್ಲಿ ಬಿಟ್ಟು ಬರುವುದೇ ಈ ಚಿಕಿತ್ಸೆ. ಕೇಳುವುದಕ್ಕೆ ಸುಲಭವಾದ ಈ ಕೆಲಸದಲ್ಲಿ 'ಕೊರಳಿಗೆ ಏರಿಸಿ' ಎಂಬ ಒಂದೇ ಮಾತಿನೊಳಗೆ ಬಹುಪಾಲು ಕಷ್ಟ ಅಡಗಿದೆ.

ಬಡಾವಣೆಯ ರಸ್ತೆ, ಪೇಟೆಯ ಗಲ್ಲಿ

ನಮ್ಮ ಊರಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, 1898ರ ಪ್ಲೇಗಿನ ಆಸುಪಾಸಿನ ಕಾಲದಲ್ಲಿ, ನಕ್ಷೆ ಹಾಕಿ ಬೆಳೆಸಿದ ಬಡಾವಣೆಗಳು. ಮುಖ್ಯರಸ್ತೆ, ಅಡ್ಡರಸ್ತೆಗಳ ಎಣಿಕೆ ಬಲ್ಲವನಿಗೆ ಅಲ್ಲಿ ಮನೆ ಹುಡುಕುವುದು ಕಷ್ಟವಲ್ಲ. ಆದರೆ ಅವೆನ್ಯೂ ರಸ್ತೆಯಿಂದ ಚಿಕ್ಕಪೇಟೆ, ಬಳೇಪೇಟೆಗಳ ಒಳಗಲ್ಲಿಗೆ ತಿರುಗಿದರೆ ದಾರಿ ಬಾಗುತ್ತದೆ, ಕಿರಿದಾಗುತ್ತದೆ, ಮರಳಿ ಬಂದ ಕಡೆಗೇ ತಿರುಗುತ್ತದೆ. ಮೂವತ್ತು ವರ್ಷದವರ ಧಮನಿಗಳು ಬಡಾವಣೆಯ ರಸ್ತೆಗಳಂತೆ. ಎಪ್ಪತ್ತೈದು ವರ್ಷದವರವು ಪೇಟೆಯ ಗಲ್ಲಿಗಳಂತೆ. ಬಹುಕಾಲ ರಕ್ತದ ಒತ್ತಡ ಹೆಚ್ಚಾಗಿದ್ದವರಲ್ಲಿ ಇದು ಇನ್ನೂ ನಿಜ. ಧಮನಿಯ ಗೋಡೆ ಸ್ಥಿತಿಸ್ಥಾಪಕತ್ವವನ್ನು ಕಳೆದುಕೊಂಡು ಉದ್ದಕ್ಕೆ ಬೆಳೆಯುತ್ತದೆ. ಎದೆಗೂಡಿನ ಎತ್ತರವಾದರೋ ಬೆಳೆಯದು. ಉದ್ದವಾದ ನಾಳ ಇರುವಷ್ಟೇ ಜಾಗದಲ್ಲಿ ಮಡಿಚಿಕೊಳ್ಳದೆ ಬೇರೆ ಗತಿಯಿಲ್ಲ.

ಎಲ್ಲಕ್ಕಿಂತ ಕಠಿನವಾದ ತಿರುವು ಎದೆಯೊಳಗಿದೆ. ಹೃದಯದಿಂದ ಹೊರಟ ಮಹಾಧಮನಿ ಮೇಲೇರಿ, ಕಮಾನಿನಂತೆ ಬಾಗಿ, ಬೆನ್ನಿನ ಕಡೆಯಿಂದ ಹೊಟ್ಟೆಗೆ ಇಳಿಯುತ್ತದೆ. ಕಮಾನಿನ ನೆತ್ತಿಯಿಂದ ಮೂರು ಕವಲುಗಳು ಹೊರಡುತ್ತವೆ. ಮೊದಲನೆಯದು ಬಲಗೈಗೂ ಬಲಗೊರಳಿಗೂ ಕೂಡಿಯೇ ಹೋಗುವ ಕವಲು, ಎರಡನೆಯದು ಎಡಗೊರಳಿನದು, ಮೂರನೆಯದು ಎಡಗೈಯದು. ಹರೆಯದಲ್ಲಿ ಈ ಮೂರೂ ಕಮಾನಿನ ನೆತ್ತಿಯ ಮೇಲೆಯೇ ಸಾಲಾಗಿ ನಿಂತಿರುತ್ತವೆ. ಕಮಾನು ಉದ್ದವಾದಂತೆ ನೆತ್ತಿ ಮೇಲಕ್ಕೂ ಹಿಂದಕ್ಕೂ ಸರಿಯುತ್ತದೆ, ಕವಲುಗಳ ಬಾಯಿ ಹೃದಯದ ಕಡೆಯ ಇಳಿಜಾರಿನಲ್ಲಿ ಉಳಿದುಬಿಡುತ್ತದೆ. ವೈದ್ಯರು ಇದನ್ನು ಅಳೆಯುವ ಬಗೆ ಸರಳವಾಗಿದೆ. ಮೊದಲ ಕವಲಿನ ಬಾಯಿ ನೆತ್ತಿಯಿಂದ ಎಷ್ಟು ಕೆಳಗಿದೆಯೆಂದು ನೋಡುತ್ತಾರೆ. ಎಡಗೊರಳ ಧಮನಿಯ ಒಂದು ಅಗಲಕ್ಕಿಂತ ಕಡಿಮೆಯಾದರೆ ಮೊದಲನೆಯ ಮಾದರಿ, ಒಂದರಿಂದ ಎರಡು ಅಗಲಗಳಾದರೆ ಎರಡನೆಯ ಮಾದರಿ, ಎರಡನ್ನು ಮೀರಿದರೆ ಮೂರನೆಯ ಮಾದರಿ.

ಮೂರನೆಯ ಮಾದರಿ ಏಕೆ ಕಷ್ಟವೆಂದರೆ, ತೊಡೆಯಿಂದ ಬರುವ ನಳಿಕೆ ಬೆನ್ನಿನ ಕಡೆಯಿಂದ ಮೇಲೇರಿ, ಕಮಾನಿನ ನೆತ್ತಿಯನ್ನು ದಾಟಿ, ಕೆಳಗಿಳಿದು, ಅಲ್ಲಿಂದ ಮತ್ತೆ ಮೇಲ್ಮುಖವಾಗಿ ಕೊರಳಿಗೆ ತಿರುಗಬೇಕು. ಘಟ್ಟದ ರಸ್ತೆಯ ಹಿಮ್ಮುರಿ ತಿರುವನ್ನು ನೆನೆಯಿರಿ. ನಳಿಕೆಗೆ ಚಾಲಕನಿಲ್ಲ, ಅದನ್ನು ಹಿಂದಿನಿಂದ ತಳ್ಳಬೇಕು. ತಳ್ಳಿದ ಬಲವೆಲ್ಲ ತುದಿಯನ್ನು ಮುಟ್ಟುವುದಿಲ್ಲ. ತಿರುವಿನಲ್ಲಿ ನಳಿಕೆ ಮೇಲೇರುವ ಬದಲು ಕಮಾನಿನೊಳಗೆ ಡೊಂಕಾಗಿ ಹೃದಯದ ಕಡೆಗೆ ಜಾರಿಬೀಳುತ್ತದೆ. ತುದಿಯಲ್ಲಿದ್ದ ತಂತಿಯೂ ಅದರೊಡನೆ ಕಳಚಿ ಬರುತ್ತದೆ.

ಇನ್ನೊಂದು ವಿಚಿತ್ರವಿದೆ. ನೂರರಲ್ಲಿ ಹತ್ತಕ್ಕೂ ಮಿಕ್ಕಿ ಜನರಲ್ಲಿ ಎಡಗೊರಳ ಧಮನಿ ಕಮಾನಿನಿಂದ ನೇರವಾಗಿ ಹೊರಡದೆ, ಬಲಗಡೆಯ ಮೊದಲ ಕವಲಿನ ಜೊತೆಗೋ ಅದರ ಮೈಯಿಂದಲೋ ಹೊರಡುತ್ತದೆ. ಇದಕ್ಕೆ ವೈದ್ಯಶಾಸ್ತ್ರದಲ್ಲಿ ಗೋವಿನ ಕಮಾನು ಎಂಬ ಅರ್ಥದ ಹೆಸರಿದೆ. ಬಸವನಗುಡಿಯವರಿಗೆ ನಗು ಬರಬಹುದು. ಏಕೆಂದರೆ ಗೋವಿನ ಧಮನಿ ನಿಜವಾಗಿ ಹಾಗಿಲ್ಲ, ಅದಕ್ಕೆ ಇರುವುದು ಒಂದೇ ದೊಡ್ಡ ಕವಲು. ಹೆಸರು ತಪ್ಪಾದರೂ ಕಷ್ಟ ಮಾತ್ರ ನಿಜ. ಇದು ರೋಗವಲ್ಲ, ಹುಟ್ಟಿನಿಂದ ಬಂದ ರಚನೆ. ಆದರೆ ಎಡಗೊರಳಿಗೆ ತೊಡೆಯಿಂದ ಹೋಗುವವನು ಬಲಕ್ಕೆ ಹೊರಟು ಮತ್ತೆ ಎಡಕ್ಕೆ ಹೊರಳಬೇಕಾಗುತ್ತದೆ.

ಲಾಡಿ ಪೋಣಿಸುವ ಕೌಶಲ

ಲಂಗಕ್ಕೆ ಲಾಡಿ ಪೋಣಿಸಿದ ತಾಯಂದಿರಿಗೆ ಮುಂದಿನ ವಿಷಯ ಸುಲಭವಾಗಿ ತಿಳಿಯುತ್ತದೆ. ಲಾಡಿಯನ್ನು ಹಾಗೆಯೇ ತಳ್ಳಿದರೆ ಅದು ಮುದುಡಿಕೊಳ್ಳುತ್ತದೆ. ತುದಿಗೆ ಪಿನ್ನು ಸಿಕ್ಕಿಸಿದರೆ ಪಿನ್ನು ಮುಂದೆ ಸಾಗಿ, ಲಾಡಿ ಹಿಂಬಾಲಿಸುತ್ತದೆ. ಇಲ್ಲಿಯೂ ಹಾಗೆಯೇ. ಮೊದಲು ಹೋಗುವುದು ತೆಳುವಾದ ತಂತಿ, ಅದರ ಮೇಲೆ ತೆಳುವಾದ ಕ್ಯಾಥೆಟರ್, ಅದರ ಮೇಲೆ ಸ್ಟೆಂಟನ್ನು ಒಯ್ಯಬಲ್ಲ ದಪ್ಪ ನಳಿಕೆ. ಈ ದಪ್ಪ ನಳಿಕೆ ಸುಮಾರು 90 ಸೆಂಟಿಮೀಟರ್ ಉದ್ದವಿದ್ದು ಒಳಗಡೆ 2 ಮಿಲಿಮೀಟರಿನಷ್ಟು ಅಗಲವಿರುತ್ತದೆ. ತಂತಿ ಮೆದುವಾಗಿದ್ದರೆ ತಿರುವಿನಲ್ಲಿ ಸುಲಭವಾಗಿ ನುಸುಳುತ್ತದೆ, ಆದರೆ ನಳಿಕೆಯನ್ನು ಹೊರಲಾರದು. ಗಡುಸಾಗಿದ್ದರೆ ನಳಿಕೆಯನ್ನು ಹೊರಬಲ್ಲದು, ಆದರೆ ತಿರುವಿನಲ್ಲಿ ನುಸುಳಲಾರದು. ಈ ಎರಡರ ನಡುವಣ ಹೊಂದಾಣಿಕೆಯೇ ವೈದ್ಯನ ವಿದ್ಯೆ.

ಕ್ಯಾಥೆಟರಿನ ತುದಿಗಳು ಬಗೆಬಗೆಯ ಆಕಾರದಲ್ಲಿ ದೊರೆಯುತ್ತವೆ. ಸುಲಭವಾದ ಕಮಾನಿಗೆ ತುಸುವೇ ಬಾಗಿದ ತುದಿ ಸಾಕು. ಮೂರನೆಯ ಮಾದರಿಗೆ ಸಿಮ್ಮನ್ಸ್ ಎಂಬ ಕೊಕ್ಕೆಯಾಕಾರದ ಕ್ಯಾಥೆಟರ್ ಬೇಕಾಗುತ್ತದೆ. ತಂತಿಯ ಮೇಲೆ ನೆಟ್ಟಗೆ ಏರಿದ ಅದನ್ನು ಮಹಾಧಮನಿಯೊಳಗೆ ಮತ್ತೆ ಕೊಕ್ಕೆಯಾಗುವಂತೆ ತಿರುಗಿಸಬೇಕು. ಅನಂತರ ಬಾವಿಗೆ ಬಿದ್ದ ಕೊಡವನ್ನು ಪಾತಾಳಗರಡಿಯಿಂದ ಹಿಡಿಯುವಂತೆ, ಹಿಂದಕ್ಕೆ ಎಳೆದಾಗ ತುದಿ ಕವಲಿನ ಬಾಯಿಗೆ ಸಿಕ್ಕಿಕೊಳ್ಳುತ್ತದೆ. ಇದರಲ್ಲಿ ಒಂದು ತಿರುವುಮುರುವು ಉಂಟು: ಉಳಿದ ಕ್ಯಾಥೆಟರುಗಳು ತಳ್ಳಿದರೆ ಮುಂದೆ ಹೋಗುತ್ತವೆ, ಇದು ಎಳೆದರೆ ಒಳಗೆ ಹೋಗುತ್ತದೆ, ತಳ್ಳಿದರೆ ಹೊರಗೆ ಬರುತ್ತದೆ. ಹೀಗಾಗಿ ಕೈಪಳಗದವರಿಗೆ ಇದು ಸುಲಭದ ಸಾಧನವಲ್ಲ.

ಕವಲಿನ ಬಾಯಿ ಹಿಡಿದ ಮೇಲೂ ಕೆಲಸ ಮುಗಿಯದು. ದಪ್ಪ ನಳಿಕೆಯನ್ನು ಏರಿಸಲು ಗಡುಸು ತಂತಿಗೆ ಮೇಲೆಲ್ಲಾದರೂ ಆಧಾರ ಬೇಕು. ಮಿದುಳಿಗೆ ಹೋಗುವ ಒಳಗವಲಿನಲ್ಲಿ ಜಿಡ್ಡಿದೆ. ಗಡುಸು ತಂತಿಯಿಂದ ಅದನ್ನು ಕೆದಕುವುದು ಹುಚ್ಚುತನ. ಆದುದರಿಂದ ತಂತಿಯ ತುದಿಯನ್ನು ಮುಖಕ್ಕೆ ಹೋಗುವ ಹೊರಗವಲಿನಲ್ಲಿ ನೆಲೆಗೊಳಿಸಿ, ಅದನ್ನೇ ಗೂಟವಾಗಿಸಿಕೊಂಡು ನಳಿಕೆಯನ್ನು ಮೇಲಕ್ಕೆ ಜಾರಿಸುತ್ತಾರೆ. ಆ ಹೊರಗವಲೇ ಮುಚ್ಚಿಹೋಗಿದ್ದರೆ, ಅಥವಾ ಜಿಡ್ಡು ಕವಲಿಗಿಂತ ಕೆಳಗೇ ಇದ್ದರೆ, ಗೂಟವಿಲ್ಲದೆ ಡೇರೆ ಕಟ್ಟಿದ ಹಾಗೆ. ಆಗ ಒಂದರೊಳಗೊಂದು ಹೊಕ್ಕ ಮೂರು ನಾಲ್ಕು ನಳಿಕೆಗಳನ್ನು, ತೆಳುವಾದುದನ್ನು ಮುಂದಿಟ್ಟು ದಪ್ಪನೆಯದನ್ನು ಹಿಂದಿಟ್ಟು, ಮೆಟ್ಟಿಲು ಮೆಟ್ಟಿಲಾಗಿ ಏರಿಸುವ ಉಪಾಯವಿದೆ.

ಮುಂದೆ ಇನ್ನೂ ಒಂದು ತೊಡಕು ಕಾದಿರಬಹುದು. ಹಲವರ ಕೊರಳ ಧಮನಿ ಜಿಡ್ಡಿನ ಮೇಲ್ಭಾಗದಲ್ಲಿ ಜಿಲೇಬಿಯಂತೆ ಸುತ್ತಿಕೊಂಡಿರುತ್ತದೆ. ಬಲೂನು ಉಬ್ಬಿಸುವಾಗ ಕಳಚುವ ಚೂರುಗಳನ್ನು ಹಿಡಿಯಲೆಂದು ಕೊಡೆಯಂತೆ ಬಿಚ್ಚಿಕೊಳ್ಳುವ ಸಣ್ಣ ಶೋಧಕ ಜಾಲರಿಯೊಂದನ್ನು ಜಿಡ್ಡಿನ ಮೇಲ್ಗಡೆ ಇಡುತ್ತಾರೆ. ಅದು ಗೋಡೆಗೆ ಸುತ್ತಲೂ ಅಂಟಿ ಕೂರಬೇಕಾದರೆ ಅಲ್ಲಿ ಒಂದಿಷ್ಟು ನೇರವಾದ ನಾಳ ಬೇಕು. ಸುತ್ತಿನಲ್ಲಿ ಅದು ಓರೆಯಾಗಿ ಕೂರುತ್ತದೆ, ಪಕ್ಕದ ಸಂದಿನಿಂದ ಚೂರುಗಳು ನುಸುಳುತ್ತವೆ. ಗಡುಸು ತಂತಿಯಿಂದ ಸುತ್ತನ್ನು ನೇರ ಮಾಡುತ್ತೇವೆಂದರೆ, ಹಾಸಿಗೆಯ ಹೊದಿಕೆಯ ಮಡಿಕೆಯನ್ನು ಒಂದೆಡೆ ಸವರಿದಾಗ ಅದು ಇನ್ನೊಂದೆಡೆ ಏಳುವಂತೆ, ಬಳುಕು ಮೇಲಕ್ಕೆ ಸರಿದು ಅಲ್ಲಿ ನಾಳವನ್ನು ಕೊಂಡಿಯಾಗಿ ಮಡಿಚಿಬಿಡುತ್ತದೆ.

ರೋಗಿಯ ಪಾಲಿನ ಕೆಲಸ

ಈ ಚಿಕಿತ್ಸೆಯಲ್ಲಿ ರೋಗಿಯನ್ನು ಸಾಮಾನ್ಯವಾಗಿ ಪೂರ್ತಿ ನಿದ್ರೆಗೆ ಒಯ್ಯುವುದಿಲ್ಲ. ಅವರು ಎಚ್ಚರವಾಗಿದ್ದು ಮಾತನಾಡುತ್ತಿರುವುದೇ ಮಿದುಳು ಕ್ಷೇಮವಾಗಿದೆಯೆಂಬುದಕ್ಕೆ ಸಾಕ್ಷಿ. ಕೆಲವು ವೈದ್ಯರು ಚಿಕಿತ್ಸೆಯಾಗುವ ಪಕ್ಕಕ್ಕೆ ಎದುರಾದ ಕೈಯಲ್ಲಿ ಮಕ್ಕಳ ರಬ್ಬರಿನ ಪೀಪಿಯನ್ನು ಕೊಟ್ಟು ಆಗಾಗ ಒತ್ತಿಸುತ್ತಾರೆ. ಸದ್ದು ಬಂದರೆ ಸಮಾಧಾನ. ತಿರುವು ಬಿಡದಿದ್ದಾಗ, 'ದೀರ್ಘವಾಗಿ ಉಸಿರೆಳೆದು ಹಿಡಿಯಿರಿ', 'ತಲೆಯನ್ನು ಆ ಕಡೆಗೆ ಹೊರಳಿಸಿ' ಎಂದು ಹೇಳುವುದುಂಟು. ದೀರ್ಘವಾಗಿ ಉಸಿರೆಳೆದಾಗ ಕಮಾನು ಕೊಂಚ ಕೆಳಗಿಳಿದು ಕವಲು ನೆಟ್ಟಗಾಗುತ್ತದೆ. ಆ ಕ್ಷಣದಲ್ಲಿ ತಂತಿ ದಾಟಿಬಿಡಬಹುದು. ಆದಕಾರಣ ಕಿವಿ ಮಂದವಾಗಿರುವ ಅಥವಾ ಕನ್ನಡವಲ್ಲದೆ ಬೇರೆ ಭಾಷೆ ಬಾರದ ಹಿರಿಯರ ವಿಷಯವನ್ನು ಮನೆಯವರು ಮೊದಲೇ ವೈದ್ಯರಿಗೆ ತಿಳಿಸಬೇಕು. ಹೇಳಬೇಕಾದ ನಾಲ್ಕು ಮಾತುಗಳನ್ನು ಹಿಂದಿನ ದಿನವೇ ಅವರಿಗೆ ಅಭ್ಯಾಸ ಮಾಡಿಸಿದರೆ ಇನ್ನೂ ಒಳ್ಳೆಯದು. ಬಲೂನು ಉಬ್ಬಿದಾಗ ನಾಡಿ ತಟಕ್ಕನೆ ನಿಧಾನವಾಗಿ ತಲೆ ತಿರುಗಿದಂತಾಗಬಹುದು. ಕವಲಿನ ಗೋಡೆಯಲ್ಲಿರುವ ನರದ ತುದಿಗಳು ಒತ್ತಲ್ಪಡುವುದರಿಂದ ಹಾಗಾಗುತ್ತದೆ. ವೈದ್ಯರು ಅದಕ್ಕೆ ಸಿದ್ಧರಾಗಿಯೇ ಇರುತ್ತಾರೆ.

ನಮ್ಮ ಮನೆಗಳ ಹಿರಿಯರಿಗೆ ಮತ್ತೊಂದು ಸಂಕೋಚವಿರುವುದು ಸಹಜ. ಎದೆಯ ಮೇಲಿನ ಕರಡಿಗೆ ಮಹಾಧಮನಿಯ ಕಮಾನಿನ ನೇರಕ್ಕೇ ಬರುತ್ತದೆ. ಬೆಳ್ಳಿಯದಾದರೆ ಕ್ಷ-ಕಿರಣದ ಚಿತ್ರದಲ್ಲಿ ಅದರ ನೆರಳು ಬಿದ್ದು ದಾರಿಯನ್ನೇ ಮರೆಮಾಡುತ್ತದೆ. ಚಿಕಿತ್ಸೆಯ ಮೇಜಿನ ಮೇಲೆ ಕೊನೆಯ ಗಳಿಗೆಯಲ್ಲಿ ದಾದಿಯೊಬ್ಬಳು 'ತೆಗೆಯಿರಿ' ಎಂದಾಗ ಹಿರಿಯರ ಮನಸ್ಸು ಕಲಕುತ್ತದೆ, ರಕ್ತದ ಒತ್ತಡ ಏರುತ್ತದೆ. ಹಿಂದಿನ ದಿನವೇ ವೈದ್ಯರೊಡನೆ ಮಾತನಾಡಿ, ಕರಡಿಗೆಯನ್ನು ಮನೆಯವರ ವಶಕ್ಕೆ ಕೊಟ್ಟು, ಲಿಂಗವನ್ನು ಶುಭ್ರ ವಸ್ತ್ರದಲ್ಲಿ ಸುತ್ತಿ ತೋಳಿಗೆ ಕಟ್ಟಿಕೊಳ್ಳಬಹುದೇ ಎಂದು ಕೇಳಿಕೊಳ್ಳಿ. ಚಿಕಿತ್ಸೆಗೆ ಅಡ್ಡಿಯಾಗದಿದ್ದರೆ ಒಪ್ಪುವವರು ಇದ್ದಾರೆ. ಮುಂಚಿತವಾಗಿ ಕೇಳುವುದರಲ್ಲಿ ಇಬ್ಬರಿಗೂ ಗೌರವವಿದೆ.

ದಾರಿಯೇ ಅಪಾಯವಾದಾಗ

ವೃದ್ಧರ ಕಮಾನಿನ ಗೋಡೆಯಲ್ಲಿಯೂ ಜಿಡ್ಡು, ಸುಣ್ಣದ ಚಕ್ಕೆಗಳು ಇರುತ್ತವೆ. ನಳಿಕೆಯನ್ನು ಅಲ್ಲಿ ಎಷ್ಟು ಹೊತ್ತು ಹೊರಳಾಡಿಸಿದರೆ ಅಷ್ಟು ಚೂರುಗಳು ಎದ್ದು ರಕ್ತದೊಡನೆ ಸಾಗುತ್ತವೆ. ಶೋಧಕ ಜಾಲರಿಯನ್ನು ಇನ್ನೂ ಇಟ್ಟಿರುವುದಿಲ್ಲವಾದ್ದರಿಂದ ಅವುಗಳನ್ನು ತಡೆಯುವವರಿಲ್ಲ. ಸ್ಟೆಂಟ್ ಹಾಕಿಸಿಕೊಂಡ ಕೆಲವರ ಮಿದುಳನ್ನು ಎಂ.ಆರ್.ಐ. ಯಂತ್ರದಿಂದ ನೋಡಿದಾಗ, ಚಿಕಿತ್ಸೆಯಾದ ಪಕ್ಕದಲ್ಲಷ್ಟೇ ಅಲ್ಲದೆ ಎದುರು ಪಕ್ಕದಲ್ಲಿಯೂ ಸಣ್ಣ ಗಾಯದ ಕಲೆಗಳು ಕಂಡಿವೆ. ಎಡಗೊರಳಿನ ಜಿಡ್ಡಿನ ಚೂರು ಬಲಮಿದುಳಿಗೆ ಹೋಗಲಾರದು. ಆ ಕಲೆಗಳು ದಾರಿಯಲ್ಲಿ ಎದ್ದ ಧೂಳಿನಿಂದ ಬಂದವು.

2010ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಕ್ರೆಸ್ಟ್ ಎಂಬ ಅಧ್ಯಯನದಲ್ಲಿ 2,502 ರೋಗಿಗಳನ್ನು ಸ್ಟೆಂಟಿಗೂ ಶಸ್ತ್ರಕ್ರಿಯೆಗೂ ಹಂಚಿ ನೋಡಲಾಯಿತು. ಒಟ್ಟು ಲೆಕ್ಕದಲ್ಲಿ ಎರಡೂ ಸರಿಸಮವಾಗಿದ್ದವು. ಆದರೆ ಚಿಕಿತ್ಸೆಯ ಹೊತ್ತಿನ ಲಕ್ವ ಸ್ಟೆಂಟಿನಲ್ಲಿ ನೂರಕ್ಕೆ 4.1, ಶಸ್ತ್ರಕ್ರಿಯೆಯಲ್ಲಿ 2.3, ಹೃದಯಾಘಾತ ಸ್ಟೆಂಟಿನಲ್ಲಿ 1.1, ಶಸ್ತ್ರಕ್ರಿಯೆಯಲ್ಲಿ 2.3 ಎಂದು ತಿಳಿದುಬಂದಿತು. ವಯಸ್ಸು ಸುಮಾರು 70 ದಾಟಿದ ಮೇಲೆ ಶಸ್ತ್ರಕ್ರಿಯೆಯೇ ಮೇಲೆಂದು ಕಂಡಿತು. ವಯಸ್ಸಾದವರಿಗೆ ಕೊಯ್ಯದೆ ಮಾಡುವ ಚಿಕಿತ್ಸೆಯೇ ಹಿತವೆಂದು ನಾವು ಸಹಜವಾಗಿ ಭಾವಿಸುತ್ತೇವೆ. ನಡೆದದ್ದು ಅದಕ್ಕೆ ವಿರುದ್ಧ. ಇದಕ್ಕೆ ವೈದ್ಯರು ಕೊಡುವ ಕಾರಣಗಳಲ್ಲಿ ಮುಖ್ಯವಾದುದು ಈ ದಾರಿಯ ಡೊಂಕೇ. ಶಸ್ತ್ರಕ್ರಿಯೆಗೆ ಅಂಜಿ ಸ್ಟೆಂಟನ್ನು ಬಯಸುವ ಹಿರಿಯರಲ್ಲಿಯೇ ಸ್ಟೆಂಟಿನ ದಾರಿ ಅತ್ಯಂತ ದುರ್ಗಮವಾಗಿರುತ್ತದೆ ಎಂಬುದು ಈ ಚಿಕಿತ್ಸೆಯ ದೊಡ್ಡ ವಿಪರ್ಯಾಸ.

ಚಾಮರಾಜಪೇಟೆಯ ಒಂದು ಮನೆಯಲ್ಲಿ ನಡೆದುದನ್ನು ಇಲ್ಲಿ ಹೇಳಬಹುದು. ಎಪ್ಪತ್ತೆಂಟು ವರ್ಷದ ಯಜಮಾನರಿಗೆ ಬಲಗೈ ಸೋತು ಅರ್ಧ ಗಂಟೆಯಲ್ಲಿ ಸರಿಹೋಗಿತ್ತು. ಎಡಗೊರಳಿಗೆ ಸ್ಟೆಂಟ್ ಹಾಕುವುದೆಂದು ನಿಶ್ಚಯವಾಯಿತು. ಒಳಗೆ ಹೋದ ವೈದ್ಯರು ಮುಕ್ಕಾಲು ಗಂಟೆಯ ತರುವಾಯ ಹೊರಬಂದು, 'ಸ್ಟೆಂಟ್ ಹಾಕಲಿಲ್ಲ, ನಿಲ್ಲಿಸಿದೆವು' ಎಂದರು. ಹೊರದೇಶದಲ್ಲಿದ್ದ ಹಿರಿಯ ಮಗ ದೂರವಾಣಿಯಲ್ಲಿ ಸಿಡುಕಿದ: 'ಅಪ್ಪಾಜಿಯವರನ್ನು ಮೇಜಿನ ಮೇಲೆ ಮಲಗಿಸಿ ಕೈಲಾಗದೆ ವಾಪಸು ಕಳಿಸುವುದೆಂದರೇನು?' ಊರಿನಲ್ಲಿದ್ದ ಸೊಸೆ ಮಾತ್ರ ವೈದ್ಯರ ಬಳಿ ಕುಳಿತು ಚಿತ್ರವನ್ನು ನೋಡಿದರು. ವೈದ್ಯರು ತೋರಿಸಿದರು: 'ನೋಡಿಯಮ್ಮಾ, ಇದು ಕಮಾನು, ಇದು ನಿಮ್ಮ ಮಾವನವರ ಕೊರಳಿನ ನಾಳ. ಎರಡು ಸಲ ನಳಿಕೆ ಹೃದಯದ ಕಡೆಗೆ ಜಾರಿತು. ಮೂರನೆಯ ಸಲವೂ ಪ್ರಯತ್ನಿಸಬಹುದಿತ್ತು. ಆದರೆ ಗೋಡೆಯೆಲ್ಲ ಸುಣ್ಣ ಕಟ್ಟಿದೆ. ಬರಬಾರದೆಂದು ನಾವು ತಡೆಯಹೊರಟ ಲಕ್ವವನ್ನು ನಮ್ಮ ಕೈಯಿಂದಲೇ ತರಿಸಿದಂತಾದೀತು.' ಆರನೆಯ ದಿನ ಕೊರಳಿಗೆ ಮಾತ್ರ ಮರವು ಕೊಟ್ಟು ಶಸ್ತ್ರಕ್ರಿಯೆ ನಡೆಯಿತು. ಯಜಮಾನರು ಈಗ ಮಕ್ಕಳ ಕೂಟದ ಕಡೆಗೆ ಬೆಳಗಿನ ಹೊತ್ತು ನಡೆದುಹೋಗುತ್ತಾರೆ. ಶಸ್ತ್ರಕ್ರಿಯೆ ಹೀಗೆ ಎಲ್ಲರಿಗೂ ಒಗ್ಗಿ ಬರುತ್ತದೆಂದು ನಾವು ಹೇಳುತ್ತಿಲ್ಲ. ಅರ್ಧದಾರಿಯಲ್ಲಿ ನಿಲ್ಲಿಸಿ ಹಿಂದಿರುಗಿದ ವೈದ್ಯನನ್ನು ಕೈಲಾಗದವನೆಂದು ಎಣಿಸಬಾರದು ಎಂದಷ್ಟೇ ನಮ್ಮ ಮಾತು. ಮೇಜಿನ ಮೇಲೆ ನಿಂತು ಸಾಕೆನ್ನಲು ಮುಂದೆ ಹೋಗುವುದಕ್ಕಿಂತ ಹೆಚ್ಚಿನ ಧೈರ್ಯ ಬೇಕು.

ಬೇರೆ ದಾರಿಗಳು

ತೊಡೆಯ ದಾರಿಯೊಂದೇ ದಾರಿಯಲ್ಲ. 1927ರಲ್ಲಿ ಪೋರ್ಚುಗಲ್ಲಿನ ಎಗಾಸ್ ಮೋನಿಜ್ ಮಿದುಳಿನ ರಕ್ತನಾಳಗಳ ಚಿತ್ರವನ್ನು ಮೊಟ್ಟಮೊದಲು ತೆಗೆದಾಗ ಕೊರಳ ಧಮನಿಗೇ ನೇರವಾಗಿ ಔಷಧವನ್ನು ಚುಚ್ಚಿದ್ದರು. 1953ರಲ್ಲಿ ಸ್ವೀಡನ್ನಿನ ಸೆಲ್ಡಿಂಗರ್ ಸೂಜಿಯ ಮೂಲಕ ತಂತಿಯನ್ನು ತೂರಿಸಿ ಅದರ ಮೇಲೆ ನಳಿಕೆಯನ್ನು ಏರಿಸುವ ಸರಳ ವಿಧಾನವನ್ನು ಪ್ರಕಟಿಸಿದ ಮೇಲೆ, ತೊಡೆಯಿಂದ ದೇಹದ ಯಾವ ಮೂಲೆಗಾದರೂ ಹೋಗುವ ಮಾರ್ಗ ತೆರೆಯಿತು. ಇಂದು ಹೃದಯದ ಚಿಕಿತ್ಸೆಯಂತೆ ಮಣಿಕಟ್ಟಿನ ನಾಡಿಯಿಂದಲೂ ಕೊರಳಿಗೆ ಹೋಗುತ್ತಾರೆ. ಗೋವಿನ ಕಮಾನು ಉಳ್ಳವರ ಎಡಗೊರಳಿಗೆ ಬಲ ಮಣಿಕಟ್ಟಿನ ದಾರಿ ಅನೇಕ ಸಲ ನೇರವಾಗಿರುತ್ತದೆ. ಕಾಲಿನ ನಾಳಗಳು ಮುಚ್ಚಿಹೋದವರಿಗೂ ಇದು ಉಪಕಾರಿ.

ಇನ್ನೊಂದು ವಿಧಾನಕ್ಕೆ 2015ರಲ್ಲಿ ಅಮೆರಿಕದಲ್ಲಿ ಸರ್ಕಾರದ ಅನುಮತಿ ದೊರೆಯಿತು. ಕೊರಳೆಲುಬಿನ ಮೇಲೆ ಸಣ್ಣದಾಗಿ ಕೊಯ್ದು, ಧಮನಿಗೆ ಅಲ್ಲಿಂದಲೇ ನಳಿಕೆ ಹಾಕುತ್ತಾರೆ. ಸ್ಟೆಂಟ್ ಇಡುವ ಕೆಲವು ನಿಮಿಷಗಳ ಕಾಲ ಆ ಧಮನಿಯ ರಕ್ತವನ್ನು ಹಿಮ್ಮುಖವಾಗಿ ಹರಿಸಿ, ಹೊರಗೆ ಸೋಸಿ, ತೊಡೆಯ ಅಭಿಧಮನಿಗೆ ಮರಳಿಸುತ್ತಾರೆ. ಚೂರುಗಳು ಮಿದುಳಿಗೆ ಹೋಗುವ ಬದಲು ಹೊರಗೆ ಬರುತ್ತವೆ, ಕಮಾನನ್ನು ಮುಟ್ಟುವ ಪ್ರಸಂಗವೇ ಇಲ್ಲ. ಮೋನಿಜ್ ಹೊರಟ ಕೊರಳಿಗೇ ವೈದ್ಯವಿದ್ಯೆ ಸುಮಾರು ತೊಂಬತ್ತು ವರ್ಷಗಳ ಬಳಿಕ ಹಿಂದಿರುಗಿದಂತಾಯಿತು.

ಯಾವ ಸೂಚನೆಯೂ ಇಲ್ಲದೆ, ಬೇರೆ ತಪಾಸಣೆಯಲ್ಲಿ ಅಕಸ್ಮಾತ್ತಾಗಿ ಕೊರಳು ಕಿರಿದಾಗಿರುವುದು ತಿಳಿದವರ ವಿಷಯ ಬೇರೆ. ಅವರಲ್ಲಿ ಔಷಧ ಮಾತ್ರ ಸಾಕೇ ಎಂಬುದನ್ನು ಪರೀಕ್ಷಿಸಿದ ಕ್ರೆಸ್ಟ್-2 ಅಧ್ಯಯನ 2025ರ ನವೆಂಬರಿನಲ್ಲಿ ಪ್ರಕಟವಾಯಿತು. ಔಷಧದ ಜೊತೆಗೆ ಸ್ಟೆಂಟನ್ನೂ ಪಡೆದವರಲ್ಲಿ ಅಪಾಯ ಕಡಿಮೆಯಾಗಿತ್ತು. ಶಸ್ತ್ರಕ್ರಿಯೆಯಿಂದ ಅಂಥ ಸ್ಪಷ್ಟ ಲಾಭ ಕಾಣಲಿಲ್ಲ. ಆದರೆ ಅಲ್ಲಿ ಸ್ಟೆಂಟ್ ಹಾಕಿದವರು ಕೈಪಳಗಿದವರೆಂದು ಪರೀಕ್ಷಿಸಿ ಆರಿಸಿದ ವೈದ್ಯರು. ಔಷಧವನ್ನಷ್ಟೇ ಪಡೆದವರಲ್ಲಿಯೂ ನಾಲ್ಕು ವರ್ಷಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿ ಕ್ಷೇಮವಾಗಿದ್ದರು. ಹೀಗಾಗಿ ಸೂಚನೆ ಇಲ್ಲದವರು ಅವಸರಪಡಬೇಕಾಗಿಲ್ಲ. ವಿಚಾರಿಸಿ ನಿರ್ಧರಿಸಲು ಸಮಯವಿದೆ.

ಕೇಳಬೇಕಾದ ಪ್ರಶ್ನೆಗಳು

ಬೆಂಗಳೂರಿನಲ್ಲಿ ಈ ವಿದ್ಯೆ ಬಲ್ಲವರಿಗೆ ಕೊರತೆಯಿಲ್ಲ. ಮಿದುಳಿನ ರೋಗಗಳಿಗೆಂದೇ 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆ ಬಸವನಗುಡಿಗೆ ದೂರವಲ್ಲ. ರಕ್ತನಾಳದ ಒಳಗಿನಿಂದ ಚಿಕಿತ್ಸೆ ಮಾಡುವ ವಿಭಾಗ ಅಲ್ಲಿದೆ. ಎಲ್ಲಿಗೇ ಹೋದರೂ ವಿನಯದಿಂದ, ಆದರೆ ಸಂಕೋಚವಿಲ್ಲದೆ ಕೆಲವು ಪ್ರಶ್ನೆಗಳನ್ನು ಕೇಳಿರಿ. ಎದೆಯ ಕಮಾನಿನಿಂದ ತಲೆಯವರೆಗೆ ಸಿ.ಟಿ. ಆಂಜಿಯೋಗ್ರಾಂ ಮಾಡಿ ದಾರಿಯನ್ನು ಮೊದಲೇ ನೋಡಿದ್ದೀರಾ? ಕಮಾನು ಎಷ್ಟನೆಯ ಮಾದರಿಯದು, ಸುಣ್ಣ ಕಟ್ಟಿದೆಯೇ? ತೊಡೆಯ ದಾರಿ ಸಾಗದಿದ್ದರೆ ಮುಂದಿನ ಉಪಾಯವೇನು, ಎಲ್ಲಿಗೆ ನಿಲ್ಲಿಸುತ್ತೀರಿ? ಶಸ್ತ್ರಕ್ರಿಯೆ ಮಾಡುವವರೂ ಈ ಚಿತ್ರವನ್ನು ನೋಡಿದ್ದಾರೆಯೇ? ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ. ದಾರಿಯ ಚಿತ್ರವನ್ನು ತೆರೆದು ತೋರಿಸುತ್ತಾರೆ. ಮೂತ್ರಪಿಂಡದ ತೊಂದರೆ, ಸಕ್ಕರೆ ಕಾಯಿಲೆಯ ಮಾತ್ರೆಗಳು, ಹಿಂದೆ ಬಣ್ಣದ ಔಷಧ ಚುಚ್ಚಿದಾಗ ಆದ ಅಲರ್ಜಿ, ಇವುಗಳನ್ನು ಮರೆಯದೆ ಹೇಳಿರಿ.

ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ಕೊಡುವ ಎರಡು ಮಾತ್ರೆಗಳನ್ನು ವೈದ್ಯರು ಹೇಳಿದಷ್ಟು ಕಾಲ ತಪ್ಪದೆ ನುಂಗಬೇಕು. ಹಲ್ಲು ಕೀಳಿಸಬೇಕೆಂದಾಗಲಿ, ವ್ರತವೆಂದಾಗಲಿ ತಾವಾಗಿಯೇ ನಿಲ್ಲಿಸಕೂಡದು. ಇನ್ನೂ ಐವತ್ತರ ಆಸುಪಾಸಿನಲ್ಲಿರುವ ಓದುಗರು ಒಂದು ಮಾತನ್ನು ಗಮನಿಸಬೇಕು. ಕಮಾನನ್ನು ಡೊಂಕು ಮಾಡುವುದು ವಯಸ್ಸೊಂದೇ ಅಲ್ಲ, ವರ್ಷಗಟ್ಟಲೆ ಲೆಕ್ಕಿಸದೆ ಬಿಟ್ಟ ರಕ್ತದ ಒತ್ತಡವೂ ಹೌದು. ಈ ತಿಂಗಳು ಮನೆಯ ಹಿರಿಕಿರಿಯರೆಲ್ಲರ ರಕ್ತದ ಒತ್ತಡವನ್ನು ಒಮ್ಮೆ ಅಳೆಸಿ ಒಂದು ಚೀಟಿಯಲ್ಲಿ ಬರೆದಿಡಿ. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ, ಅದು ಐದೇ ನಿಮಿಷ ಇದ್ದು ಸರಿಹೋದರೂ ಸರಿ, 108ಕ್ಕೆ ಕರೆ ಮಾಡಿ. ಆರಂಭವಾದ ಗಳಿಗೆಯನ್ನು ಅದೇ ಚೀಟಿಯ ಹಿಂಬದಿಯಲ್ಲಿ ಬರೆದುಕೊಂಡು ಆಸ್ಪತ್ರೆಗೆ ಹೊರಡಿ.